ಹೆತ್ತ ಮೇಲೆ

ಜನವರಿ ೧೮
ಕ್ಯಾಂಪಿನಿಂದ

ನನ್ನ ಮೆಲುದನಿಯ ಸೊಸೆಗೆ,

ಬಂತು, ನಿನ್ನ ಪತ್ರ ಬಂತು! ಮೇಕಪ್ಪಿನ ಕನ್ನಡಿಯ ಮುಂದೆ ಕೂತಿದ್ದೆ. ಒಂದು ಹುಬ್ಬು ಬರೆದಾಗಿತ್ತು. ಇನ್ನೊಂದನ್ನು ಮರೆತು ನಿನ್ನ ಪತ್ರ ಓದುತ್ತಾ ಕೂತೆ ನೋಡು, ರಾಜಮಾತೆ ಒಂದೇ ಹುಬ್ಬಿನಲ್ಲಿ ಸಿಂಹಾಸನ ಏರುವುದರಲ್ಲಿದ್ದಳು!

ಫೋನು ಕೈಯಲ್ಲಿದ್ದೂ ಕಾಗದ ಯಾಕಮ್ಮಾ ಅಂತ ನನ್ನ ಮಗ, ಆ ಬಸ್ ಡ್ರೈವರ್ ಸಾಹೇಬ, ನಗುತ್ತಾನಲ್ಲ, ಅವನಿಗೆ ಹೇಳು: ನಾಟಕದ ಕಂಪನಿಯ ಬಿಡಾರಕ್ಕೆ ಗೋಡೆ ಇರುವುದಿಲ್ಲ, ಬಟ್ಟೆ ಇರುತ್ತದೆ. ನಿಮ್ಮಮ್ಮ ಪಿಸುಗುಟ್ಟಿದರೆ ಕೊನೇ ಬೆಂಚಿಗೆ ಕೇಳುತ್ತದೆ. ಸೊಸೆಯ ಎದೆಹಾಲಿನ ಸಮಾಚಾರ ನಾನು ಫೋನಿನಲ್ಲಿ ಮಾತಾಡಿದರೆ ನಾಳೆ ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರು ಬಂದು ಸಲಹೆ ಕೊಟ್ಟಾರು.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಮಹಾರಾಣಿಗೆ ಮುನಿಸು ಅಂದೆಯಾ? ಬಲಗಡೆಗೆ ಹಾಕಿಕೊಂಡರೆ ಗಟಗಟ ಕುಡಿಯುತ್ತಾಳೆ, ಎಡಗಡೆಗೆ ತಿರುಗಿಸಿದರೆ ತುಟಿ ಬಿಗಿದು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಾಳೆ! ಎಂಟು ತಿಂಗಳಿಗೇ ಇಷ್ಟು ಠೇಂಕಾರವೇ! ಯಾರ ಮೊಮ್ಮಗಳು ಹೇಳು.

ಉಪಾಯ ಕೇಳಿದ್ದೀಯ. ಕೇಳಿಸಿಕೋ. ಚೆನ್ನಾಗಿ ಹಸಿದಾಗ ಎಡಗಡೆಯಿಂದಲೇ ಶುರುಮಾಡು. ಆಗದಿದ್ದರೆ ನಿದ್ದೆಗಣ್ಣಿನಲ್ಲಿ ಮೋಸ ಮಾಡು. ಅದೂ ಆಗದಿದ್ದರೆ ಕಂಕುಳಿಗೆ ಅಡ್ಡ ಮಲಗಿಸಿಕೊಂಡು, ಇದು ಬಲಗಡೆಯೇ ಅನ್ನುವ ಹಾಗೆ ನಟಿಸು. ಕಡೆಯದಾಗಿ, ಹಾಡು. ಇಷ್ಟಕ್ಕೂ ಜಗ್ಗದಿದ್ದರೆ ನನ್ನ ಪೆಟ್ಟಿಗೆ ಖಾಲಿ, ಡಾಕ್ಟರಿಗೆ ತೋರಿಸಿಬಿಡು. ನಾನು ತಾಯಿ ಪಾತ್ರ ಸಾವಿರ ಸಲ ಮಾಡಿರಬಹುದು. ಹೆತ್ತಿದ್ದು ಒಂದೇ, ಅದೂ ಸೈಡ್ ವಿಂಗಿನಲ್ಲಿ ಬಾಟಲಿ ಹಾಲು ಕುಡಿದು ಬೆಳೆಯಿತು.

ಗಂಟೆ ಹೊಡೆದರು. ಇನ್ನೊಂದು ಹುಬ್ಬು ಬರೆದುಕೊಳ್ಳುತ್ತೇನೆ.

ದೊಡ್ಡ ಗಂಟಲಿನ,
ನಿನ್ನ ಅತ್ತೆ


ಫೆಬ್ರವರಿ ೨೦
ಮನೆಯಿಂದ

ಪ್ರೀತಿಯ ಅತ್ತೆಗೆ ನಮಸ್ಕಾರ.

ನೀವು ಹೇಳಿದ್ದೆಲ್ಲ ಮಾಡಿದೆ. ಹಾಡಿದೆ ಕೂಡ. ಹಾಡಿದ್ದಕ್ಕೆ ಪಾಪು ಬಲಗಡೆಯದನ್ನೂ ಬಿಟ್ಟಳು.

ಎಡಗಡೆ ಒಂದು ಗಂಟು ಇತ್ತು. ನಿಮಗೆ ಬರೆದಿರಲಿಲ್ಲ. ಹಾಲುಗಂಟು ಅಂತಲೇ ಅಂದುಕೊಂಡಿದ್ದೆ, ನಮ್ಮ ಬೀದಿಯ ಡಾಕ್ಟರೂ ಹಾಗೇ ಅಂದರು. ಬಿಸಿ ಬಟ್ಟೆ ಒತ್ತಿದೆ, ಹಿಂಡಿ ತೆಗೆದೆ, ಕರಗಲಿಲ್ಲ. ನಿಮಗೆ ಗೊತ್ತಲ್ಲ, ಅಂಗಡಿಯಲ್ಲಿ ಇಡೀ ದಿನ ನನ್ನ ಕೆಲಸವೇ ಕನ್ನಡಕದ ಗಾಜಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡುವುದು. ಎಲ್ಲಿ ಒರಟು ಉಳಿದಿದೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆ ಗಂಟಿನ ಅಂಚು ನನಗೆ ಸರಿ ಬರಲಿಲ್ಲ. ಪಾಪುವಿನ ಹಟವೂ ಬಿಡಲಿಲ್ಲ. ದೊಡ್ಡಾಸ್ಪತ್ರೆಗೆ ಹೋದೆ. ಸೂಜಿ ಹಾಕಿ ಚೂರು ತೆಗೆದರು.

ಕ್ಯಾನ್ಸರ್ ಅತ್ತೆ.

ಡಾಕ್ಟರಮ್ಮ ಒಳ್ಳೆಯವರು. ಬಹಳ ಪ್ರಶ್ನೆ ಕೇಳಿದರು. ಮುಟ್ಟು ಶುರುವಾಗಿದ್ದು ಯಾವಾಗ, ಮಕ್ಕಳೆಷ್ಟು, ಮೊದಲ ಹೆರಿಗೆ ಆದಾಗ ವಯಸ್ಸೆಷ್ಟು, ನಡುವೆ ಯಾವುದಾದರೂ ಹೋಯಿತಾ, ಹಾಲು ಎಷ್ಟು ತಿಂಗಳಿಂದ ಕುಡಿಸುತ್ತಿದ್ದೀರಿ. ಒಂದೇ ಮಗು, ಮೂವತ್ನಾಲ್ಕಕ್ಕೆ, ಅದಕ್ಕೆ ಮುಂಚೆ ಒಂದು ನಿಲ್ಲಲಿಲ್ಲ ಅಂದೆ. ಪಾಪು ಒಂದು ಕಡೆ ಬಿಟ್ಟಿದ್ದನ್ನೂ ಹೇಳಿದೆ. "ಮಕ್ಕಳು ಹಾಗೆ ಬಿಡೋಕೆ ನೂರು ಕಾರಣ ಇರುತ್ತೆ, ಸಾಮಾನ್ಯವಾಗಿ ಏನೂ ಇರಲ್ಲ. ಆದರೆ ನೀವು ಅದನ್ನ ನೆಪ ಮಾಡಿಕೊಂಡು ಬಂದ್ರಲ್ಲ, ಅದೇ ಪುಣ್ಯ" ಅಂದರು.

ಎರಡನೇ ಸ್ಟೇಜ್ ಅಂತೆ. ಅವರು ಹಾಗಂದ ತಕ್ಷಣ ನಿಮ್ಮ ಮಗ ಗಾಬರಿಯಲ್ಲಿ, "ನಮ್ಮಮ್ಮ ಜೀವಮಾನವೆಲ್ಲ ಸ್ಟೇಜ್ ಮೇಲೇ ಇದ್ದಾರೆ ಡಾಕ್ಟ್ರೇ, ಏನೂ ಆಗಿಲ್ಲ" ಅಂದುಬಿಟ್ಟರು. ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ. ನಿಮ್ಮ ಮಗ ಅತ್ತರು.

ಆಪರೇಷನ್ ಆಗಬೇಕು. ಆಮೇಲೆ ಕೀಮೋ. ಹಾಲು ಬಿಡಿಸಬೇಕು, ಬಲಗಡೆಯದೂ.

ನಿಮಗೆ ತೊಂದರೆ ಕೊಡಬೇಕೆಂದು ಬರೆಯುತ್ತಿಲ್ಲ.

ನಿಮ್ಮ ಸೊಸೆ


ಫೆಬ್ರವರಿ ೨೫
ಕ್ಯಾಂಪಿನಿಂದ

ಮಗಳೇ,

ರಾಜಮಾತೆಯ ಕಿರೀಟ ಬಿಚ್ಚಿ ಕಂಪನಿಯ ಯಜಮಾನರ ಮೇಜಿನ ಮೇಲಿಟ್ಟೆ. "ವಾಪಸ್ಸು ಯಾವಾಗ?" ಅಂದರು. "ನನ್ನ ಸೊಸೆ ಎದ್ದು ಓಡಾಡಿದಾಗ" ಅಂದೆ.

ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಆದರೂ ಬರೆದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಅತ್ತೆ


ಮೇ ೯
ಕ್ಯಾಂಪಿನಿಂದ

ನನ್ನ ಸೊಸೆಮುದ್ದಿಗೆ,

ಸುಖವಾಗಿ ಬಂದು ಸೇರಿದೆ. ನಾನಿಲ್ಲದಾಗ ಗೆಜ್ಜೆ ಕಟ್ಟುವ ಹುಡುಗಿಗೆ ರಾಜಮಾತೆಯ ಪಾತ್ರ ಕೊಟ್ಟಿದ್ದರಂತೆ. ಜನ ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ ಅಂತ ಕೂಗಿದರಂತೆ. ಅಜ್ಜಿ! ನಾನು! ಇರಲಿ, ಕೂಗಿದರಲ್ಲ.

ಕೀಮೋ ಹೇಗಿದೆ? ಬಾಯಿಯ ಹುಣ್ಣು ಇಳಿಯಿತಾ? ನನ್ನ ಮಗ ಡ್ಯೂಟಿ ಬದಲಾಯಿಸಿಕೊಂಡು ಬೆಳಗಿನ ಬಸ್ಸು ಹಿಡಿದದ್ದು ಒಳ್ಳೆಯದಾಯಿತು. ಸಾಯಂಕಾಲವೆಲ್ಲ ಮನೆಯಲ್ಲಿರುತ್ತಾನೆ. ಅವನ ಅಡಿಗೆಯನ್ನು ಹೊಗಳಬೇಡ, ಹೊಗಳಿದರೆ ಉಪ್ಪು ಇನ್ನೂ ಜಾಸ್ತಿ ಮಾಡುತ್ತಾನೆ.

ಈಗ ಒಂದು ಮಾತು. ನಿನ್ನ ಮನೆಯಲ್ಲಿದ್ದಾಗ ನಾಲಿಗೆ ತುದಿಗೆ ಬಂದು ನಿಂತಿದ್ದು. ಈ ಗಂಟಲಿಗೆ ಯಾವ ಮಾತೂ ಅಡ್ಡ ನಿಂತದ್ದಿಲ್ಲ, ಇದು ನಿಂತಿತು.

ನೀನು ಕೂಸನ್ನು ಎತ್ತಿಕೊಳ್ಳುತ್ತಿಲ್ಲ.

ಆಪರೇಷನ್ನಿನ ಗಾಯ ಅಂತ ಮೊದಲು ಅಂದುಕೊಂಡೆ. ಗಾಯ ಮಾಗಿತು. ಬಲಗೈ ಚೆನ್ನಾಗೇ ಇತ್ತು, ಆ ಕೈಯಲ್ಲಿ ನೀರಿನ ಬಿಂದಿಗೆ ಎತ್ತಬೇಡ ಅಂದರೂ ಎತ್ತುತ್ತಿದ್ದೆ. ಕೂಸು ತೆವಳಿ ಬಂದು ನಿನ್ನ ಸೀರೆ ಹಿಡಿದರೆ ನೀನು ಅವಳ ಮುಷ್ಟಿಯಿಂದ ಸೆರಗು ಬಿಡಿಸಿ, "ಅಜ್ಜಿ ಹತ್ರ ಹೋಗು" ಅನ್ನುತ್ತಿದ್ದೆ. ಅವಳು ನನ್ನ ಹತ್ತಿರ ಬರುವ ತನಕ ನೋಡುತ್ತಿದ್ದೆ. ಆಮೇಲೆ ಒಳಗೆ ಹೋಗಿಬಿಡುತ್ತಿದ್ದೆ.

ಯಾಕೆ ಮಗಳೇ? ಬೈಯುವುದಕ್ಕೆ ಕೇಳುತ್ತಿಲ್ಲ.

ನಿನ್ನ ಅತ್ತೆ


ಮೇ ೨೧
ಮನೆಯಿಂದ

ಪ್ರೀತಿಯ ಅತ್ತೆಗೆ ನಮಸ್ಕಾರ.

ನೀವು ನೋಡಿಲ್ಲ ಅಂದುಕೊಂಡಿದ್ದೆ.

ಆಪರೇಷನ್ನಿಗೆ ಮುಂಚೆ, ಕೆಳಗಿನ ಮನೆ ಓನರಮ್ಮ ನೋಡಿಕೊಂಡು ಹೋಗಲು ಬಂದಿದ್ದರು. ಹಣ್ಣು ತಂದಿದ್ದರು, ಕಣ್ಣೀರೂ ಹಾಕಿದರು. ಹೋಗುವಾಗ ಪಾಪುವನ್ನು ನೋಡಿ, "ಗುಂಡುಕಲ್ಲಿನ ಹಾಗಿದ್ದವಳು ನೀನು. ಇವಳು ಹುಟ್ಟಿದ್ದೇ ಹುಟ್ಟಿದ್ದು, ಹಾಸಿಗೆ ಹಿಡಿದೆ. ಏನು ಕಾಲ್ಗುಣವೋ ತಾಯಿ" ಅಂದರು.

ಇಂಥ ಮಾತಿಗೆ ನಾನು ಕಿವಿ ಕೊಡುವವಳಲ್ಲ ಅತ್ತೆ. ಹುಟ್ಟಿದ ಕೂಸಿನ ಕಾಲಿಗೆ ಮನೆಯ ಒಳ್ಳೆಯದು ಕೆಟ್ಟದ್ದನ್ನೆಲ್ಲ ಕಟ್ಟುವುದು ಎಂಥ ಬುದ್ಧಿ ಅಂತ ನಾನೇ ಅಂಗಡಿಯಲ್ಲಿ ಬೇರೆಯವರಿಗೆ ಬೈದಿದ್ದೇನೆ. ನಕ್ಕು ಕಳಿಸಿದೆ.

ಆದರೆ ಆಮೇಲೆ ಡಾಕ್ಟರಮ್ಮನೂ ಒಂದು ಮಾತು ಹೇಳಿದರು. ಕೀಮೋ ಯಾಕೆ ಇಷ್ಟು ಬಿರುಸಾಗಿ ಕೊಡಬೇಕು ಅಂತ ಕೇಳಿದ್ದಕ್ಕೆ, "ಹೆರಿಗೆ ಆಗಿ ಕೆಲವು ವರ್ಷದೊಳಗೆ ಸಿಗೋ ಗಂಟು ಬೇರೆಯದಕ್ಕಿಂತ ಜೋರಿರುತ್ತೆ, ಇಂಥವರು ಉಳಿಯೋದು ಸ್ವಲ್ಪ ಕಷ್ಟ ಅಂತ ಲೆಕ್ಕ ಇದೆ, ಅದಕ್ಕೇ ನಾವು ಬಿಗಿ ಮಾಡ್ತೀವಿ" ಅಂದರು. ಅವರು ಇನ್ನೂ ಏನೇನೋ ಹೇಳಿದರು. ನನಗೆ ಅಷ್ಟೇ ಕೇಳಿಸಿದ್ದು.

ಓದದ ಓನರಮ್ಮ ಹೇಳಿದ್ದೂ ಅದೇ, ಓದಿದ ಡಾಕ್ಟರಮ್ಮ ಹೇಳಿದ್ದೂ ಅದೇ. ಒಬ್ಬರು ಕಾಲ್ಗುಣ ಅಂದರು, ಇನ್ನೊಬ್ಬರು ಹೆರಿಗೆ ಅಂದರು. ಪಾಪು ಬರದಿದ್ದರೆ ನನಗೆ ಇದು ಬರುತ್ತಿರಲಿಲ್ಲ, ಅಷ್ಟೇ ತಾನೇ?

ಅವಳ ಮೇಲೆ ಕೋಪ ಇಲ್ಲ. ಆಣೆಗೂ ಇಲ್ಲ. ಆದರೆ ಎತ್ತಿಕೊಂಡ ಕೂಡಲೇ ಆ ಮಾತು ಬರುತ್ತದೆ. ನನ್ನ ಮುಖದಲ್ಲಿ ಅದು ಅವಳಿಗೆ ಕಂಡುಬಿಟ್ಟರೆ? ಅವಳು ಈಗ ಎಲ್ಲರ ಮುಖವನ್ನೂ ನೋಡಿ ಕಲಿಯುತ್ತಿದ್ದಾಳೆ. ಅದಕ್ಕೇ ದೂರ ಇಡುತ್ತೇನೆ.

ಇದನ್ನು ನಿಮ್ಮ ಮಗನಿಗೆ ಹೇಳಿಲ್ಲ.

ನಿಮ್ಮ ಸೊಸೆ


ಜೂನ್ ೩
ಕ್ಯಾಂಪಿನಿಂದ

ಮಗಳೇ,

ಕೂತು ಓದು. ಇದು ಉದ್ದದ ದೃಶ್ಯ.

ನಿನ್ನ ಪತ್ರವನ್ನು ಕುಪ್ಪಸದೊಳಗೆ ಇಟ್ಟುಕೊಂಡೇ ಅವತ್ತು ರಂಗಕ್ಕೆ ಹೋದೆ. ಈ ನಾಟಕವನ್ನು ನೀನು ನೋಡಿಲ್ಲ. ಎರಡನೇ ಅಂಕ. ಅರಮನೆಗೆ ಬೆಂಕಿ ಬಿದ್ದಿದೆ. ಕೆಂಪು ದೀಪ, ಹೊಗೆ, ನಗಾರಿ. ನಾನು, ರಾಜಮಾತೆ, ತೊಟ್ಟಿಲ ಮುಂದೆ ನಿಂತು ತೋರುಬೆರಳು ಚಾಚಿ ಗುಡುಗುತ್ತೇನೆ: "ಎಲೈ ಶಿಶುವೇ! ನೀನು ಹುಟ್ಟಿದ್ದರಿಂದ ಈ ಅರಮನೆ ಉರಿಯಿತು!" ಚಪ್ಪಾಳೆ ಅಂದರೆ ಚಪ್ಪಾಳೆ! ತಗಡಿನ ಮಾಡು ಹಾರಿಹೋಗುವ ಹಾಗೆ. ಆಗ ಮಂತ್ರಿ ಮುಂದೆ ಬಂದು, "ಹಾಗಾದರೆ ಈ ಶಿಶುವನ್ನು ಕಾಡಿಗೆ ಅಟ್ಟುತ್ತೇನೆ ತಾಯೇ!" ಅನ್ನಬೇಕು. ಅಟ್ಟುತ್ತಾನೆ. ಆ ಶಿಶು ಕಾಡಿನಲ್ಲಿ ಬೆಳೆದು ವೀರನಾಗಿ ತಿರುಗಿ ಬರುವುದೇ ಮುಂದಿನ ಕಥೆ.

ಅವತ್ತು ಬೆರಳು ಚಾಚಿದೆ. ತೊಟ್ಟಿಲಲ್ಲಿ ಇರುವುದು ಬಟ್ಟೆಯ ಗೊಂಬೆ, ನನಗೆ ಗೊತ್ತು. ಆದರೂ ನಾಲಿಗೆ ಕೈಕೊಟ್ಟಿತು. "ಎಲೈ ಶಿಶುವೇ! ನೀನು ಹುಟ್ಟಿದ... ಮೇಲೆ... ಈ ಅರಮನೆ ಉರಿಯಿತು!" ಅಂದುಬಿಟ್ಟೆ.

ಮಂತ್ರಿ ಬಾಯಿ ತೆರೆದ. ಮುಚ್ಚಿದ. ಹುಟ್ಟಿದ ಮೇಲೆ ಉರಿಯಿತು ಅಂದರೆ ಶಿಶುವಿನದೇನು ತಪ್ಪು? ಯಾಕೆ ಅಟ್ಟಬೇಕು? ಅಟ್ಟದಿದ್ದರೆ ಉಳಿದ ಮೂರು ಅಂಕ ಯಾರು ಆಡಬೇಕು? ಪರದೆ ಸಂದಿಯಿಂದ ಪ್ರಾಂಪ್ಟರ್ "ಇಂದ! ಇಂದ! ಹುಟ್ಟಿದ್ದರಿಂದ!" ಅಂತ ಹಾವಿನ ಹಾಗೆ ಬುಸುಗುಡುತ್ತಿದ್ದಾನೆ. ನನಗೆ ಬಾಯಿಗೆ ಬರುತ್ತಿಲ್ಲ. ಮಂತ್ರಿ ಪಾಪ ಬೆವರು ಒರೆಸಿಕೊಂಡು, "ಅದು ಸರಿ ತಾಯೇ... ಹುಟ್ಟಿದ ಎಷ್ಟು ದಿನದ ಮೇಲೆ?" ಅಂದ. ಜನ ಬಿದ್ದು ಬಿದ್ದು ನಕ್ಕರು. ಬೆಂಕಿ ಬಿದ್ದ ಅರಮನೆಯಲ್ಲಿ ನಗು! ಯಜಮಾನರು ಪರದೆ ಎಳೆಸಿದರು.

ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡೆ. ಆದರೆ ತಲೆಯಲ್ಲಿ ಆ ಎರಡು ಪದ ಕುಣಿಯತೊಡಗಿದವು. "ಮೇಲೆ" ಒಂದು, "ಇಂದ" ಒಂದು. "ಇಂದ" ಅಂದರೆ ಕೂಸು ಕಾಡಿಗೆ ಹೋಗುತ್ತದೆ, "ಮೇಲೆ" ಅಂದರೆ ತೊಟ್ಟಿಲಲ್ಲೇ ಉಳಿಯುತ್ತದೆ. ನಿನ್ನ ಡಾಕ್ಟರಮ್ಮ ಅವತ್ತು ಯಾವ ಪದ ಹೇಳಿದರು? ನನಗೆ ಅದು ತಿಳಿಯಲೇಬೇಕಿತ್ತು.

ಆಟವಿಲ್ಲದ ದಿನ ಬಸ್ಸು ಹತ್ತಿದೆ. ಹೌದು, ನಿನ್ನ ಊರಿಗೇ ಬಂದೆ, ನಿನ್ನ ಬಾಗಿಲಿಗೆ ಬರದೆ ಹೋದೆ. ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ನಿಂತು ನರ್ಸಮ್ಮನಿಗೆ ಮೆಲ್ಲಗೆ ನನ್ನ ವಿಷಯ ಹೇಳಿದೆ. ಆ ತುದಿಯ ಕೋಣೆಯಿಂದ ಡಾಕ್ಟರಮ್ಮನೇ ಎದ್ದು ಬಂದು, "ನೀವೇ ಅಂತ ಗೊತ್ತಾಯ್ತು, ಒಳಗೆ ಬನ್ನಿ, ಬಾಗಿಲು ಹಾಕ್ಕೊಳ್ಳಿ" ಅಂದರು.

ಕೇಳಿದೆ. "ಹೆರಿಗೆ ಆದ ಮೇಲೆ ಅಂದ್ರಾ, ಹೆರಿಗೆಯಿಂದ ಅಂದ್ರಾ?"

ಅವರು ಪೆನ್ನು ಕೆಳಗಿಟ್ಟರು. "ಮೇಲೆ ಅಂದೆ ಅಮ್ಮ. ಆದರೆ ನಿಮ್ಮನ್ನ ಸಮಾಧಾನ ಮಾಡೋಕೆ ಸುಳ್ಳು ಹೇಳಲ್ಲ. ಹಾಲಿಗೆ ಅಂತ ಎದೆ ಬೆಳೆದಿರುತ್ತೆ. ಆಮೇಲೆ ಮೊದಲಿನ ಹಾಗೆ ಆಗೋಕೆ ಒಳಗೆ ದೊಡ್ಡ ರಿಪೇರಿ ನಡೆಯುತ್ತೆ. ಆ ಗಲಾಟೆಯಲ್ಲಿ, ಮೊದಲೇ ಬಂದು ಅಡಗಿದ್ದ ಕಳ್ಳನಿಗೆ ಅನುಕೂಲ ಆಗಬಹುದು. ಹಾಗಂತ ನಾವು ಅಂದುಕೊಂಡಿದೀವಿ, ಇನ್ನೂ ಪೂರ್ತಿ ಗೊತ್ತಿಲ್ಲ. ಆದರೆ ಕಳ್ಳನನ್ನ ಕರಕೊಂಡು ಬಂದಿದ್ದು ಮಗು ಅಲ್ಲ. ಒಂದೂ ಹೆರದವರಿಗೂ ಬರುತ್ತೆ, ಆರು ಹೆತ್ತವರಿಗೂ ಬರುತ್ತೆ. ಹಾಲು ಕುಡಿಸಿದ್ದರಿಂದ ಕೆಟ್ಟದ್ದಾಗಿಲ್ಲ, ಒಟ್ಟಾರೆ ನೋಡಿದರೆ ಅದು ಹೆಂಗಸರನ್ನ ಕಾಯೋದೇ ಹೆಚ್ಚು."

"ಮತ್ತೆ ಮಕ್ಕಳೆಷ್ಟು, ಹೆರಿಗೆ ಯಾವಾಗ ಅಂತೆಲ್ಲ ಯಾಕೆ ಕೇಳ್ತೀರಿ?"

"ಯಾರಿಗೆ ಎಷ್ಟು ಬಿಗಿಯಾಗಿ ಔಷಧಿ ಕೊಡಬೇಕು, ಯಾರ ಮೇಲೆ ಎಷ್ಟು ಕಣ್ಣಿಡಬೇಕು ಅಂತ ತಿಳಿಯೋಕೆ. ತಪ್ಪು ಯಾರದು ಅಂತ ಹುಡುಕೋಕೆ ಅಲ್ಲ."

"ಉಳೀತಾಳಾ?" ಅಂದೆ. ನನ್ನ ಗಂಟಲಿಂದ ಅಷ್ಟು ಸಣ್ಣ ದನಿ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅವರು ಬಗ್ಗಿ ಕೇಳಿಸಿಕೊಂಡರು. "ಉಳಿಯೋ ಸಂಭವವೇ ಹೆಚ್ಚು. ಬೇಗ ಬಂದಿದ್ದಾಳೆ, ಔಷಧಿಗೆ ಮೈ ಒಗ್ಗುತ್ತಿದೆ. ಬರೆದು ಕೊಡಿ ಅಂದರೆ ಕೊಡಲಾರೆ" ಅಂದರು.

ನಾನು ಕೇಳಿದ್ದೆಲ್ಲ ಇಲ್ಲಿದೆ, ಸಿಹಿ ಕಹಿ ಎರಡೂ. ಒಂದು ಅಕ್ಷರ ಬಿಟ್ಟಿಲ್ಲ.

ನಿನ್ನ ಅತ್ತೆ


ಜೂನ್ ೨೬
ಮನೆಯಿಂದ

ಪ್ರೀತಿಯ ಅತ್ತೆಗೆ ನಮಸ್ಕಾರ.

ಊರಿಗೆ ಬಂದೂ ಮನೆಗೆ ಬರಲಿಲ್ಲ ಅಂತ ನಿಮ್ಮ ಮಗ ಸಿಟ್ಟಾಗಿದ್ದಾರೆ. ಯಾಕೆ ಬಂದಿದ್ದಿರಿ ಅಂತ ಅವರಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಸಿಟ್ಟು ಇಳಿಯಿತು.

ನಿಮ್ಮ ಎರಡು ಪದದಿಂದ ನನಗೆ ಎಲ್ಲವೂ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಓದಿದೆ, ನಿಜ ಅನ್ನಿಸಿತು. ಆದರೂ ಕೈ ಮುಂದೆ ಹೋಗಲಿಲ್ಲ. ಆಗಿದ್ದು ಬೇರೆ ರೀತಿ.

ಮೊನ್ನೆ ಕೀಮೋ ಮುಗಿಸಿ ಬಂದು ಬಿದ್ದುಕೊಂಡಿದ್ದೆ. ಪಾಪು ಮಂಚ ಹಿಡಿದು ಎದ್ದು ನಿಂತು, ದಿಂಬಿನ ಪಕ್ಕ ಇಟ್ಟಿದ್ದ ನನ್ನ ಕನ್ನಡಕ ತೆಗೆದುಕೊಂಡು ಎರಡು ಕೈಯಲ್ಲೂ ಹಿಡಿದು ಲಟಕ್ಕನೆ ಮುರಿದಳು. ನಾನೇ ಗಾಜು ಉಜ್ಜಿ, ನಾನೇ ಕೂರಿಸಿಕೊಂಡ ಕನ್ನಡಕ ಅತ್ತೆ! ಅಂಗಡಿಯ ಅತ್ಯುತ್ತಮ ಫ್ರೇಮು! ಎಲ್ಲಿತ್ತೋ ಆ ಸಿಟ್ಟು, ಎದ್ದು ಬಲಗೈಯಲ್ಲಿ ಬಾಚಿ ಎತ್ತಿಕೊಂಡು, "ಏನೇ ಇದು, ಕಣ್ಣು ಕಾಣಿಸಲ್ವಾ ನಿಂಗೆ, ರಾಕ್ಷಸಿ!" ಅಂತ ಮುಖಕ್ಕೆ ಮುಖ ಕೊಟ್ಟು ಬೈದೆ. ನಿಮ್ಮ ದನಿಯಲ್ಲಿ ಬೈದೆ ಅಂತ ನಿಮ್ಮ ಮಗ ಹೇಳಿದರು. ಅವಳಿಗೆ ಅದು ಬಲು ಖುಷಿಯಾಯಿತು. ಮುರಿದ ಕಡ್ಡಿಯಿಂದ ನನ್ನ ಮೂಗು ಕುಟ್ಟಿದಳು.

ಬೈದು ಮುಗಿದ ಮೇಲೆ ನೋಡಿದರೆ ಎತ್ತಿಕೊಂಡಿದ್ದೇನೆ. ಇಳಿಸಬೇಕು ಅನ್ನಿಸಲಿಲ್ಲ.

ತೂಕ ಬಹಳ ಆಗಿದ್ದಾಳೆ. ಯಾರೂ ನನಗೆ ಹೇಳಲಿಲ್ಲ.

ನಿಮ್ಮ ಸೊಸೆ


ಜುಲೈ ೫
ಕ್ಯಾಂಪಿನಿಂದ

ನನ್ನ ಸೊಸೆಗೆ, ನನ್ನ ಮಗಳಿಗೆ, ರಾಕ್ಷಸಿಯ ತಾಯಿಗೆ!

ಜಯ! ಜಯ! ಕನ್ನಡಕ ಮುರಿಯಿತೆಂದು ಇಡೀ ಬಿಡಾರಕ್ಕೆ ಓದಿ ಹೇಳಿದೆ. ಕ್ಷಮಿಸು, ಬಟ್ಟೆಯ ಗೋಡೆ, ತಡೆಯಲಾಗಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಕಣ್ಣೊರೆಸಿಕೊಂಡರು. ಮಂತ್ರಿ ಬಂದು ನನ್ನ ಕೈ ಹಿಡಿದುಕೊಂಡ.

ನಾಟಕದ ಸಮಾಚಾರ ಕೇಳು. ಆ ಮಾತು ನನ್ನ ಬಾಯಿಂದ ಇನ್ನು ಬರುವುದಿಲ್ಲ ಅಂತ ಯಜಮಾನರಿಗೆ ಹೇಳಿದೆ. "ಚಪ್ಪಾಳೆಯ ಮಾತಮ್ಮಾ ಅದು!" ಅಂತ ತಲೆ ಚಚ್ಚಿಕೊಂಡರು. ಕಡೆಗೆ ಆ ಮಾತನ್ನು ಮಂತ್ರಿಗೆ ಕೊಟ್ಟರು. ಅವನು ಹೇಗಿದ್ದರೂ ದುಷ್ಟನೇ, ಅವನ ಬಾಯಲ್ಲೇ ಇರಲಿ. ನನಗೆ ಈಗ ಆ ದೃಶ್ಯದಲ್ಲಿ ಮಾತೇ ಇಲ್ಲ. ತೊಟ್ಟಿಲಿಗೂ ಮಂತ್ರಿಗೂ ನಡುವೆ ಹೋಗಿ ನಿಲ್ಲುತ್ತೇನೆ, ಅಷ್ಟೇ. ಚಪ್ಪಾಳೆ ಬರುವುದಿಲ್ಲ. ಜನ ಉಸಿರು ಬಿಗಿಹಿಡಿಯುತ್ತಾರೆ, ಅದು ನನಗೆ ಕೇಳಿಸುತ್ತದೆ.

ಈ ಮುದುಕಿ ಯಾರು ಯಾರಿಗೆ ಕೈ ಮುಗಿಯಲಿ ಹೇಳು? ಸೂಜಿ ಹಾಕಿದವರಿಗೆ, ಕೊಯ್ದವರಿಗೆ, ನಿಜವನ್ನೇ ಹೇಳಿದ ಡಾಕ್ಟರಮ್ಮನಿಗೆ, ಉಪ್ಪು ಜಾಸ್ತಿ ಹಾಕುವ ನನ್ನ ಮಗನಿಗೆ, ಗಂಟಿನ ಅಂಚು ಹುಡುಕಿದ ನಿನ್ನ ಬೆರಳಿಗೆ. ಎಲ್ಲಕ್ಕಿಂತ ಮೊದಲು ಆ ಕೂಸಿಗೆ! ಅವಳು ಬಾಯಿ ತಿರುಗಿಸಿದ್ದರಿಂದ ನೀನು ಉಳಿದೆ. ಈ "ಇಂದ"ವನ್ನು ನಾನು ಯಾವ ರಂಗದ ಮೇಲೆ ಬೇಕಾದರೂ ಕೂಗಿ ಹೇಳಿಯೇನು!

ಸಂತೋಷ ತಡೆಯಲಾರದ,
ನಿನ್ನ ಅತ್ತೆ


ಮಾರ್ಚ್ ೧೪
ಮನೆಯಿಂದ

ಪ್ರೀತಿಯ ಅತ್ತೆಗೆ ನಮಸ್ಕಾರ.

ವರ್ಷದ ತಪಾಸಣೆ ಆಯಿತು. ಎಲ್ಲೂ ಏನೂ ಇಲ್ಲ ಅಂದರು. ನಿಮ್ಮ ಮಗ ಬಸ್ಸು ಡಿಪೋಗೆ ಬಿಟ್ಟು ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದರು, ಕೇಳಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಇನ್ನೊಂದು ಮಗು ಆಗಬಹುದಾ ಅಂತಲೂ ಕೇಳಿದೆ. ಮಾತ್ರೆ ಇನ್ನೂ ಕೆಲವು ವರ್ಷ ಇದೆ, ಈಗ ಬೇಡ, ಆಮೇಲೆ ಬೇಕು ಅನ್ನಿಸಿದರೆ ಬನ್ನಿ, ಮಾತಾಡೋಣ, ಬಸುರಾದರೆ ಕಾಯಿಲೆ ಮತ್ತೆ ಬಂದೇಬಿಡುತ್ತೆ ಅಂತೇನೂ ಇಲ್ಲ ಅಂದರು. ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಕೇಳಬಹುದಾದ ಪ್ರಶ್ನೆ ಅದು ಅಂತ ತಿಳಿದದ್ದೇ ಸಾಕಾಯಿತು.

ಸುದ್ದಿ ಕೇಳಿ ಓನರಮ್ಮ ಮೇಲೆ ಬಂದರು. ಪಾಪುವನ್ನು ಎತ್ತಿ ಮುದ್ದಾಡಿ, "ನಿನ್ನ ಕಾಲ್ಗುಣದಿಂದಲೇ ನಿಮ್ಮಮ್ಮ ಉಳಿದಳು ನೋಡು ಬಂಗಾರಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು ಅತ್ತೆ. ನಾನು ಪಾಪುವನ್ನು ಅವರ ಕೈಯಿಂದ ತೆಗೆದುಕೊಂಡು, "ಅದೂ ಬೇಡ ಅಮ್ಮ" ಅಂದೆ. "ನಾಳೆ ನನಗೆ ಮತ್ತೆ ಏನಾದರೂ ಆದರೆ ಅದೂ ಇವಳ ಕಾಲಿಗೇ ಬರುತ್ತೆ. ಇವಳ ಕಾಲು ಇವಳಿಗೆ ನಡೆಯೋಕೆ ಇರಲಿ ಬಿಡಿ." ಅವರು "ಅದೂ ಸರಿಯೇ" ಅಂದು ಕೂತರು. ಕಾಫಿ ಕೊಟ್ಟೆ. ಸಕ್ಕರೆ ಸಾಲದು ಅಂದರು.

ನಿಮಗೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಅವಳು ಬಾಯಿ ತಿರುಗಿಸಿದಳು, ನಿಜ. ಅವಳಿಗೆ ಅದು ರುಚಿಸಲಿಲ್ಲ, ಅಷ್ಟೇ. ಅದಕ್ಕೆ ನಾನು ಸಾಯುವ ತನಕ ಋಣಿ. ಆದರೆ ಋಣ ನನ್ನ ಹತ್ತಿರವೇ ಇರಲಿ. ಅಮ್ಮನನ್ನು ಉಳಿಸಿದವಳು ಅಂತ ಹೆಸರು ಹೊತ್ತುಕೊಂಡು ಅವಳು ಬೆಳೆಯುವುದು ಬೇಡ. ಅವಳು ಕನ್ನಡಕ ಮುರಿಯುತ್ತಾ ಬೆಳೆಯಲಿ. ಇದು ಮೂರನೆಯದು.

ಕೈ ಮುಗಿಯುವುದಿದ್ದರೆ ನಿಮಗೆ ಅತ್ತೆ. ಚಪ್ಪಾಳೆ ಬಿಟ್ಟುಕೊಟ್ಟು ತೊಟ್ಟಿಲ ಮುಂದೆ ನಿಂತಿರಲ್ಲ, ಅದನ್ನು ನಾನು ಇನ್ನೂ ನೋಡಿಲ್ಲ. ನಿಮ್ಮ ಕ್ಯಾಂಪು ಈ ಕಡೆ ಬಂದಾಗ ಮೂವರೂ ಮುಂದಿನ ಸಾಲಿನಲ್ಲಿ ಕೂರಬೇಕೆಂದಿದ್ದೇನೆ. ನಿಮಗೆ ಹೇಳಬೇಕಾದ್ದು ಇನ್ನೂ ಬಹಳ ಇದೆ, ಮುಖ್ಯವಾದದ್ದನ್ನೇ ಬರೆಯಲಾಗಿಲ್ಲ, ಏನೆಂದರೆ

ಚಿಲಕ ತೆಗೆಯುವುದು ಕಲಿತುಬಿಟ್ಟಿದ್ದಾಳೆ ಅತ್ತೆ, ಮೆಟ್ಟಿಲಿಳಿದು ಬೀದಿಗೆ ಹೋಗುತ್ತಿದ್ದಾಳೆ, ಕಿಟಕಿಯಿಂದ ಕಾಣುತ್ತಿದೆ, ಒಂದೇ ಚಪ್ಪಲಿ ಹಾಕಿಕೊಂಡು. ನಾನು ಓಡಬೇಕು.

ನಿಮ್ಮ ಸೊಸೆ